ದಡ ಹತ್ತಿಸುವ ಕೆಲಸ

ದೋಣಿಯನ್ನು ನೀರಿಗಿಳಿಸುವುದಕ್ಕೆ ಮುಹೂರ್ತವಿದೆ. ಅರಿಸಿನ ಕುಂಕುಮವಿದೆ, ಹೂವಿದೆ, ತೆಂಗಿನಕಾಯಿಯಿದೆ. ದೊಡ್ಡ ಹಡಗಾದರೆ ಮಂತ್ರಿಗಳೂ ವಾದ್ಯದವರೂ ಛಾಯಾಗ್ರಾಹಕರೂ ಇರುತ್ತಾರೆ. ಅದೇ ದೋಣಿಯನ್ನು ನೀರಿನಿಂದ ದಡಕ್ಕೆ ಹತ್ತಿಸುವಾಗ ಇದಾವುದೂ ಇಲ್ಲ. ಅದು ಬೆವರಿನ ಕೆಲಸ, ಹಗ್ಗದ ಕೆಲಸ, ಸಂಜೆ ಕತ್ತಲಾಗುವುದರೊಳಗೆ ಮುಗಿಯಬೇಕಾದ ಕೆಲಸ. ಹತ್ತಿಸಿದವರ ಹೆಸರು ಯಾವ ಶಿಲಾಫಲಕದ ಮೇಲೂ ಇರುವುದಿಲ್ಲ.

ನಾವು ನೆಲೆಸಿರುವ ವಿಶಾಖಪಟ್ಟಣ ಇಳಿಸುವುದರಿಂದಲೇ ಹೆಸರು ಪಡೆದ ಊರು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಇಲ್ಲಿ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ ಅಡಿಗಲ್ಲು ಹಾಕಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಮಾರ್ಚ್ 14ರಂದು, ‘ಜಲ ಉಷಾ’ ಎಂಬ ಹಡಗನ್ನು ನೆಹರೂ ಇಲ್ಲಿಂದಲೇ ನೀರಿಗೆ ಬಿಟ್ಟರು. ಇಳಿಜಾರಾಗಿ ಹಾಸಿದ ದಿಮ್ಮಿಗಳಿಗೆ ಕೊಬ್ಬು ಬಳಿದು, ತಡೆಯನ್ನು ಕಳಚಿದರೆ ಸಾಕು. ವರ್ಷಗಟ್ಟಲೆ ಕಟ್ಟಿದ್ದು ತನ್ನ ಭಾರದಿಂದಲೇ ಜಾರಿ ಕ್ಷಣಗಳಲ್ಲಿ ನೀರು ಸೇರುತ್ತದೆ. ಇಳಿಯುವ ಕೆಲಸದಲ್ಲಿ ಭೂಮಿಯ ಸೆಳೆತ ನಮ್ಮ ಕಡೆಗಿರುತ್ತದೆ, ಹತ್ತುವ ಕೆಲಸದಲ್ಲಿ ಅದು ಎದುರು ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಈ ಊರಿನಲ್ಲಿ ಕಳೆದ ವರ್ಷಗಳಲ್ಲಿ ನಾವು ಕಂಡುಕೊಂಡದ್ದು ಬೇರೊಂದು ಮಾತು. ಹತ್ತಿಸುವುದನ್ನು ಬಲ್ಲವರು ಯಾರೂ ಬಲದಿಂದ ಹತ್ತಿಸುವುದಿಲ್ಲ.

ಲಾಸನ್ಸ್ ಬೇಯ ಪಕ್ಕದಲ್ಲಿ ಪೆದ್ದ ಜಾಲಾರಿಪೇಟೆ ಎಂಬ ಮೀನುಗಾರರ ಕೇರಿಯಿದೆ. ಬೆಳಗಿನ ನಡಿಗೆಗೆ ಹೋಗುವ ನಮ್ಮಂಥವರು ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಕಷ್ಟ. ಒಂದು ಕಾಲಕ್ಕೆ ಇಲ್ಲಿದ್ದದ್ದು ತೆಪ್ಪ, ಅಂದರೆ ಹಗುರವಾದ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿ ಹಗ್ಗದಿಂದ ಬಿಗಿದದ್ದು. ಕೊರೆದ ಒಡಲಿಲ್ಲ, ಅಂಚಿಲ್ಲ. ಅಲೆ ಮೇಲೆ ಹರಿದು ಸಂದುಗಳಿಂದ ಹೊರಟುಹೋಗುತ್ತದೆ. ಅದನ್ನು ದಡ ಹತ್ತಿಸುವ ಕ್ರಮ ನೋಡಿದರೆ ನಗು ಬರಬೇಕು, ಅಷ್ಟು ಸರಳ. ಹಗ್ಗ ಬಿಚ್ಚುವುದು, ದಿಮ್ಮಿಗಳನ್ನು ಬೇರೆ ಬೇರೆ ಮಾಡುವುದು, ಇಬ್ಬಿಬ್ಬರು ಒಂದೊಂದನ್ನು ಹೊತ್ತು ಮೇಲಕ್ಕೆ ಒಯ್ಯುವುದು, ಬಿಸಿಲಿಗೆ ಹಾಕುವುದು. ಒಣಗಿದರೆ ನಾಳೆ ಮತ್ತೆ ಹಗುರ. ಹೊರಲಾಗದ ಭಾರವನ್ನು ಹೊರುವಷ್ಟಕ್ಕೆ ಒಡೆಯುವುದು ಎಷ್ಟು ಹಳೆಯ ಬುದ್ಧಿವಂತಿಕೆಯೋ ಯಾರು ಬಲ್ಲರು.

ಈಗ ತೆಪ್ಪ ಅಪರೂಪ. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳಕೊಲ್ಲಿ ಯೋಜನೆಯವರು ಈ ಕರಾವಳಿಯ ಅಲೆಗಳಿಗೆ ಒಗ್ಗುವ, ಬಂದರಿಲ್ಲದೆಯೇ ಮರಳಿಗೆ ಬಂದು ನಿಲ್ಲಬಲ್ಲ ದೋಣಿಗಳನ್ನು ರೂಪಿಸಲು ಬಹಳ ಶ್ರಮಪಟ್ಟರು. ಈಗ ಕಾಣುವುದೆಲ್ಲ ಫೈಬರ್ ದೋಣಿ. ಎಂಜಿನ್, ನೆನೆದ ಬಲೆ, ಹಗ್ಗ ಎಲ್ಲ ಸೇರಿ ಟನ್ನನ್ನು ಮೀರುವ ಭಾರ. ಇದನ್ನು ದಿಮ್ಮಿ ದಿಮ್ಮಿಯಾಗಿ ಬಿಚ್ಚಲಾಗದು. ಆದರೂ ಎಂಟು ಹತ್ತು ಜನ ಇದನ್ನು ಮರಳಿನ ಮೇಲೆ ನಡೆಸಿಕೊಂಡು ಹೋಗುತ್ತಾರೆ. ‘ನಡೆಸುವುದು’ ಎಂಬುದು ಅಲಂಕಾರದ ಮಾತಲ್ಲ. ಅಡ್ಡವಾಗಿ ನಿಂತ ದೋಣಿಯ ಒಂದು ತುದಿಗೆ ಬೊಂಬು ಕೊಟ್ಟು ಹೆಗಲಿನಿಂದ ಎತ್ತಿ ಅರ್ಧ ಸುತ್ತು ತಿರುಗಿಸುತ್ತಾರೆ. ಇನ್ನೊಂದು ತುದಿ ಮರಳಿನಲ್ಲಿ ಊರಿ ತಿರುಗಣೆಯಾಗುತ್ತದೆ. ಆಮೇಲೆ ಆ ತುದಿಯನ್ನು ಎತ್ತಿ ಈ ತುದಿಯನ್ನು ಊರಿಸುತ್ತಾರೆ. ದೋಣಿ ಕುಡಿದವನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಜ್ಜೆ ಹಾಕುತ್ತ ಮೇಲೇರುತ್ತದೆ. ಯಾರೂ ಯಾವ ಕ್ಷಣದಲ್ಲೂ ದೋಣಿಯ ಪೂರ್ತಿ ಭಾರವನ್ನು ಹೊರುವುದಿಲ್ಲ.

ಅದಕ್ಕೂ ಮುಂಚಿನ ಭಾಗ ಇನ್ನೂ ಸೂಕ್ಷ್ಮವಾದದ್ದು. ದೋಣಿ ಅಲೆ ಒಡೆಯುವ ಸಾಲಿನ ಹೊರಗೆ ನಿಂತುಬಿಡುತ್ತದೆ. ಎಂಜಿನ್ ಸದ್ದು ತಗ್ಗುತ್ತದೆ. ಹಿಂಬದಿಯಲ್ಲಿ ಕುಳಿತವನು ಕಡಲಿನ ಕಡೆ ನೋಡುತ್ತಾನೆ, ದಡದ ಕಡೆಗಲ್ಲ. ಸಣ್ಣ ಅಲೆಗಳು ಹೋಗಲಿ ಎಂದು ಬಿಡುತ್ತಾನೆ. ಬೇಕಾದ ಅಲೆ ಬಂದಾಗ ಒಮ್ಮೆಗೇ ಅದರ ಬೆನ್ನೇರಿ, ಪ್ರೊಪೆಲರ್ ಮರಳಿಗೆ ತಾಗುವ ಮೊದಲೇ ಎಂಜಿನ್ನನ್ನು ಮೇಲೆತ್ತಿ, ಅಲೆ ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಯವರೆಗೆ ಹೋಗುತ್ತಾನೆ. ದಡದಲ್ಲಿ ನಿಂತವರು ಅಲೆ ಹಿಂದೆ ಸರಿಯುವಾಗ ದೋಣಿಯನ್ನು ಹಿಡಿದು ನಿಲ್ಲಿಸುತ್ತಾರೆ, ಮುಂದಿನ ಅಲೆ ಎತ್ತಿದಾಗ ಎಳೆಯುತ್ತಾರೆ. ಎಳೆಯುವುದಕ್ಕಿಂತ ಹಿಡಿದು ನಿಲ್ಲುವುದೇ ಹೆಚ್ಚು. ನೀರು ಎತ್ತುತ್ತದೆ, ಮನುಷ್ಯರು ಕೊಟ್ಟದ್ದನ್ನು ಉಳಿಸಿಕೊಳ್ಳುತ್ತಾರೆ.

ನಮ್ಮ ಕನ್ನಡ ಬಳಗದಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದಾರೆ. ಈ ಬೊಂಬಿನ ತಿರುಗಣೆ ಅವರಿಗೆ ಒಪ್ಪಿಗೆಯಾಗದು. ತಮ್ಮೂರಿನಲ್ಲಾದರೆ ಅಡಿಗೆ ಉರುಳುವ ಮರದ ತುಂಡುಗಳನ್ನು ಕೊಟ್ಟು, ಎಣ್ಣೆ ಬಳಿದು, ಕೂಗು ಹಾಕುತ್ತ ಒಂದೇ ಸಮನೆ ಮೇಲಕ್ಕೆ ತಳ್ಳುತ್ತಾರೆಂದು ವಾದಿಸುತ್ತಾರೆ. ವಾದ ತೀರ್ಮಾನವಾಗಿಲ್ಲ. ಎರಡು ಕರಾವಳಿಗಳ ಕ್ಯಾಲೆಂಡರೇ ಬೇರೆ. ಅರಬ್ಬೀ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಾದರೆ ಇಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡೂ ಕಡೆ 61 ದಿನ. ಮಲ್ಪೆಯ ದೋಣಿಗಳು ಮಳೆಗಾಲದ ಮನೆಗೆ ಹತ್ತುವ ಹೊತ್ತಿಗೆ ವಿಶಾಖಪಟ್ಟಣದವು ಇಳಿಯಲು ಬಣ್ಣ ಬಳಿದುಕೊಳ್ಳುತ್ತಿರುತ್ತವೆ.

ಇದೇ ಕಡಲತೀರದಲ್ಲಿ ಎರಡು ಮೂರು ಕಿಲೋಮೀಟರ್ ದಕ್ಷಿಣಕ್ಕೆ ನಡೆದರೆ ದಡ ಹತ್ತಿದ ಇನ್ನೊಂದು ದೋಣಿ ಕಾಣುತ್ತದೆ. ಊರಿನಿಂದ ಬಂದ ನೆಂಟರನ್ನು ನಾವೆಲ್ಲರೂ ಕರೆದೊಯ್ದು ತೋರಿಸುವ ಐ.ಎನ್.ಎಸ್. ಕುರ್ಸುರ. ಜಲಾಂತರ್ಗಾಮಿಯನ್ನು ನೌಕಾಪಡೆಯವರು ಹಡಗು ಎನ್ನದೆ ಬೋಟ್ ಎಂದೇ ಕರೆಯುವುದು ವಾಡಿಕೆ. ಆದ್ದರಿಂದ ದೋಣಿಯೆಂದರೆ ತಪ್ಪಿಲ್ಲ. 91 ಮೀಟರ್ ಉದ್ದದ ದೋಣಿ. 1969ರ ಡಿಸೆಂಬರ್ 18ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇವೆಗೆ ಸೇರಿ, 1971ರ ಯುದ್ಧವನ್ನು ಕಂಡು, 2001ರ ಫೆಬ್ರವರಿ 27ರಂದು ನಿವೃತ್ತವಾಯಿತು. ಅಷ್ಟರಲ್ಲಿ 73,500 ನಾಟಿಕಲ್ ಮೈಲಿ ಸಂಚರಿಸಿತ್ತು. ಅದನ್ನು ರಾಮಕೃಷ್ಣ ಬೀಚಿನ ಮೇಲೆ ವಸ್ತುಸಂಗ್ರಹಾಲಯವಾಗಿ ಇರಿಸಬೇಕೆಂದು ನಿರ್ಧಾರವಾಯಿತು. ಮೂವತ್ತೊಂದು ವರ್ಷಗಳಲ್ಲಿ ಅಷ್ಟು ದೂರ ಹೋಗಿಬಂದ ದೋಣಿಯನ್ನು ಬಂದರಿನಿಂದ ಕೂಗಳತೆಯಲ್ಲಿರುವ ಮರಳಿಗೆ ತಂದು ಕಾಂಕ್ರೀಟ್ ಪೀಠದ ಮೇಲೆ ಕೂರಿಸಲು ಹದಿನೆಂಟು ತಿಂಗಳು, ಐದೂವರೆ ಕೋಟಿ ರೂಪಾಯಿ ಹಿಡಿದವು. 2002ರ ಆಗಸ್ಟ್ 9ರಂದು ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅದನ್ನು ಉದ್ಘಾಟಿಸಿದರು.

ನೆಂಟರು ಒಳಗಿನ ಟಾರ್ಪೆಡೊ ಕೊಳವೆಗಳನ್ನೂ ಇಕ್ಕಟ್ಟಾದ ಮಂಚಗಳನ್ನೂ ನೋಡಿ ಬೆರಗಾಗುತ್ತಾರೆ. ನಮಗೆ ಪ್ರತಿ ಸಲ ಕಣ್ಣು ಹೋಗುವುದು ಹೊರಗೆ, ದೋಣಿಯ ಹೊಟ್ಟೆ ಪೀಠಕ್ಕೆ ಕೂರುವ ಗೆರೆಯ ಮೇಲೆ. ನೀರಿನಲ್ಲಿದ್ದಾಗ ಆ ಭಾರವನ್ನು ಇಡೀ ಹೊಟ್ಟೆಯ ಉದ್ದಕ್ಕೂ ಸಮುದ್ರ ಹೊತ್ತಿರುತ್ತದೆ. ಮೇಲೆ ಬಂದೊಡನೆ ಕೆಲವೇ ಆಸರೆಗಳು ಅದನ್ನು ಹೊರಬೇಕು. ಒಂದು ಆಸರೆ ಎರಡು ಬೆರಳು ತಗ್ಗಿದರೆ ಪಕ್ಕದ್ದಕ್ಕೆ ಇಮ್ಮಡಿ ಭಾರ. ನೀರಿನಿಂದ ಮೇಲೆ ಬಂದ ದೋಣಿಯಷ್ಟು ನಿಸ್ಸಹಾಯಕವಾದ ವಸ್ತು ಇನ್ನೊಂದಿಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಕುರ್ಸುರ ಮುಖ ಮಾಡಿದ ಕಡಲಿನಲ್ಲೇ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಮಲಗಿದೆ. 1971ರ ಡಿಸೆಂಬರ್ 3ರ ರಾತ್ರಿ ಕಳೆದು 4ರ ನಸುಕಾಗುವ ನಡುವೆ ತೊಂಬತ್ತಕ್ಕೂ ಹೆಚ್ಚು ನಾವಿಕರೊಂದಿಗೆ ಮುಳುಗಿದ ಅದನ್ನು ಯಾರೂ ಮೇಲೆತ್ತಲಿಲ್ಲ. ಗೆದ್ದವರ ಸ್ಮಾರಕ ರಸ್ತೆಯ ಬದಿಯಲ್ಲಿದೆ, ಸೋತವರ ಸಮಾಧಿ ನೀರಿನಡಿಯಲ್ಲಿ. ಅಲೆ ತಣ್ಣಗಿರುವ ಸಂಜೆಗಳಲ್ಲಿ, ಕಡಲೆಕಾಯಿ ತಿನ್ನುವ ಗದ್ದಲದ ನಡುವೆಯೂ, ಇದು ನೆನಪಾಗಿ ಮಾತು ನಿಲ್ಲುತ್ತದೆ.

ತನ್ನ ಇಚ್ಛೆಯಿಲ್ಲದೆ ದಡ ಹತ್ತಿದ್ದೂ ಒಂದಿದೆ. 2020ರ ಅಕ್ಟೋಬರ್‌ನ ವಾಯುಭಾರ ಕುಸಿತದಲ್ಲಿ ಬಾಂಗ್ಲಾದೇಶದ ‘ಮಾ’ ಎಂಬ ಸರಕು ಹಡಗು ಲಂಗರು ಕಿತ್ತು ತೆನ್ನೇಟಿ ಪಾರ್ಕಿನ ಬಂಡೆಗಳಿಗೆ ಬಂದು ಒರಗಿತು. ಮತ್ತೆ ತೇಲಿಸುವ ಪ್ರಯತ್ನಗಳು ಫಲಿಸಲಿಲ್ಲ. ಪ್ರವಾಸೋದ್ಯಮದವರು ಅದನ್ನು ಹೋಟೆಲ್ ಮಾಡುವ ಯೋಜನೆ ಹಾಕಿದರು. ಬಿರುಗಾಳಿ ಕ್ಷಣಾರ್ಧದಲ್ಲಿ ಮಾಡಿದ್ದನ್ನು ಮನುಷ್ಯರು ಹಿಂದಿರುಗಿಸಲಾರರು ಎಂದಷ್ಟೇ ಹೇಳಿ ವಿಜಯವಾಡದ ಕಡೆ ಹೋಗೋಣ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರ್. ಹೊರನಾಡಿನ ಕನ್ನಡಿಗರಾದ ನಮಗೆ ವಿಜಯವಾಡದ ಮೇಲೆ ಒಂದು ರಹಸ್ಯವಾದ ಸಲುಗೆಯಿದೆ. ಅಲ್ಲಿ ಹರಿಯುವುದು ಕೃಷ್ಣೆ. ಆಲಮಟ್ಟಿಯನ್ನೂ ನಾರಾಯಣಪುರವನ್ನೂ ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ತಂಗಿ ಬಂದ ನೀರು. ಊರಿನ ನೆಂಟರನ್ನು ಪರಊರಿನ ನಿಲ್ದಾಣದಲ್ಲಿ ಕಂಡಂತೆ ಅದನ್ನು ಕಾಣುತ್ತೇವೆ.

ಅಲ್ಲಿಯ ಒಂದು ಘಾಟಿನಲ್ಲಿ ನಾವು ಮೊದಲ ಬಾರಿಗೆ ದೋಣಿಯನ್ನು ಟ್ರೇಲರಿಗೆ ಹತ್ತಿಸುವುದನ್ನು ಹತ್ತಿರದಿಂದ ನೋಡಿದೆವು. ಪರಿಚಯದವರೊಬ್ಬರು ಪ್ರವಾಸಿ ದೋಣಿಗಳ ಎಂಜಿನ್ ದುರಸ್ತಿ ಮಾಡುತ್ತಾರೆ. ಆರು ಜನ ಕೂರುವ ಸ್ಪೀಡ್‌ಬೋಟ್ ಒಂದನ್ನು ಅಂದು ನೀರಿನಿಂದ ತೆಗೆದು ಷೆಡ್ಡಿಗೆ ಒಯ್ಯಬೇಕಾಗಿತ್ತು. ಬ್ಯಾರೇಜಿನ ಮೇಲ್ಭಾಗದಲ್ಲಿ ಕೃಷ್ಣೆ ಕೆರೆಯಂತೆ ನಿಂತಿರುತ್ತಾಳೆ. ಅಲೆಯಿಲ್ಲ, ಸೆಳವೂ ಇಲ್ಲವೆನ್ನುವಷ್ಟು ಕಡಿಮೆ. ಇದರಲ್ಲೇನು ಕಷ್ಟ ಎಂದುಕೊಂಡು ಮೆಟ್ಟಿಲ ಮೇಲೆ ಕುಳಿತೆವು. ಎರಡು ಗಂಟೆ ಕುಳಿತೆವು.

ಟ್ರೇಲರೆಂದರೆ ಎರಡು ಚಕ್ರದ ಒಂದು ಚೌಕಟ್ಟು. ಅದರ ಮೇಲೆ ದೋಣಿಯ ಹೊಟ್ಟೆಗೆ ಒಪ್ಪುವಂತೆ ರತ್ನಗಂಬಳಿ ಸುತ್ತಿದ ಎರಡು ಹಲಗೆಗಳು, ಮುಂದುಗಡೆ ಕೈಯಿಂದ ತಿರುಗಿಸುವ ಒಂದು ವಿಂಚ್. ಜೀಪು ಅದನ್ನು ಹಿಮ್ಮುಖವಾಗಿ ಇಳಿಜಾರಿನಲ್ಲಿ ತಳ್ಳಿ ನೀರಿಗಿಳಿಸಬೇಕು. ಎಷ್ಟು ಇಳಿಸಬೇಕು ಎನ್ನುವುದರಲ್ಲಿಯೇ ಎಲ್ಲವೂ ಇದೆ. ಕಡಿಮೆ ಇಳಿಸಿದರೆ ದೋಣಿಯ ಮುಂಭಾಗ ಒಣ ಹಲಗೆಗೆ ತಾಗಿ ನಿಲ್ಲುತ್ತದೆ. ಉಳಿದದ್ದನ್ನು ವಿಂಚ್ ಎಳೆಯಬೇಕು, ಪಟ್ಟಿ ಹರಿಯುತ್ತದೆ. ಹೆಚ್ಚು ಇಳಿಸಿದರೆ ಹಲಗೆಗಳು ಪೂರ್ತಿ ಮುಳುಗಿ ದೋಣಿ ಅವುಗಳ ಮೇಲೆ ಎಲ್ಲೋ ತೇಲುತ್ತಿರುತ್ತದೆ. ಸರಿಯಾಗಿ ಕೂತಿದೆಯೆಂದು ಮೇಲಿನಿಂದ ತೋರಿದರೂ, ಮೇಲೆಳೆದಾಗ ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತದೆ. ದೋಣಿಯ ಮುಂಭಾಗ ತೇಲುತ್ತಲೇ ಹಲಗೆಯನ್ನು ಮುಟ್ಟುವಷ್ಟು, ಹಿಂಭಾಗ ಇನ್ನೂ ಸ್ವತಂತ್ರವಾಗಿರುವಷ್ಟು ನೀರು ಬೇಕು. ಆಗ ಕೊಕ್ಕೆ ಹಾಕಿ ವಿಂಚ್ ತಿರುಗಿಸಿದರೆ ಅದು ಭಾರವನ್ನು ಎಳೆಯುವುದಿಲ್ಲ, ದಾರಿಯನ್ನಷ್ಟೇ ತೋರಿಸುತ್ತದೆ.

ಅಂದಿನ ಮೂರು ಪ್ರಯತ್ನಗಳು ವ್ಯರ್ಥವಾದವು. ಇಳಿಜಾರಿನ ಕೆಳಭಾಗಕ್ಕೆ ಪಾಚಿ ಕಟ್ಟಿತ್ತು, ಜೀಪಿನ ಹಿಂದಿನ ಚಕ್ರ ಅಲ್ಲಿಗೆ ಹೋದರೆ ಹಿಡಿತ ತಪ್ಪುತ್ತಿತ್ತು. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಹುಡುಗನೊಬ್ಬ ಚಾಲಕನಿಗೆ ಕೂಗುತ್ತಿದ್ದ: “ಆಗು! ಆಗು!” ತೆಲುಗಿನಲ್ಲಿ ಅದರ ಅರ್ಥ ‘ನಿಲ್ಲು’ ಎಂದು. ಎಷ್ಟು ವರ್ಷ ಇಲ್ಲಿದ್ದರೂ ಆ ಪದ ಕಿವಿಗೆ ಬಿದ್ದೊಡನೆ ನಮಗೆ ಮೊದಲು ಕೇಳುವುದು ಕನ್ನಡದ ‘ಆಗು’. ಅವನು ನಿಲ್ಲೆನ್ನುತ್ತಾನೆ, ನಮಗೆ ಆಗಲಿ ಎಂದು ಕೇಳುತ್ತದೆ. ನಾಲ್ಕನೆಯ ಸಲ ಆ ಹುಡುಗ ಚಕ್ರದ ಗುಂಭವನ್ನು ಕೈಯಿಂದ ಮುಟ್ಟಿ ನೋಡಿ, ನೀರು ಅದರ ಮೇಲೆ ನಾಲ್ಕು ಬೆರಳು ಬಂದಾಗ ಕೂಗಿದ. ಜೀಪು ನಿಂತಿತು. ಗಾಲಿಗಳಿಗೆ ಕಲ್ಲು ಕೊಟ್ಟರು. ಯಾರೂ ಏನೂ ಮಾಡದೆ ಒಂದು ನಿಮಿಷ ಕಾದರು. ಕದಡಿದ ನೀರು ಸಮನಾಯಿತು, ದೋಣಿ ತಾನಾಗಿಯೇ ನೆಟ್ಟಗಾಯಿತು. ಆಮೇಲಿನದು ಐದು ನಿಮಿಷದ ಕೆಲಸ. ಮೇಲೆ ಬಂದ ಮೇಲೆ ಹಿಂಬದಿಯ ತೂಬಿನ ಬಿರಡೆ ತೆಗೆದರು. ಒಳಗೆ ಸೇರಿದ್ದ ನೀರು ಬಹಳ ಹೊತ್ತು ಹರಿಯಿತು.

ಆ ತೂಬಿನ ನೀರು ನೆನಪಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಪ್ರಕಾಶಂ ಬ್ಯಾರೇಜು 1957ರಲ್ಲಿ ಪೂರ್ಣಗೊಂಡದ್ದು. 1850ರ ದಶಕದ ಹಳೆಯ ಅಣೆ 1952ರಲ್ಲಿ ಒಡೆದ ಮೇಲೆ ಅದರ ಜಾಗಕ್ಕೆ ಬಂತು. ಉದ್ದ ಒಂದೂಕಾಲು ಕಿಲೋಮೀಟರಿಗೆ ತುಸು ಕಡಿಮೆ, ಗೇಟುಗಳು 70. ಕೃಷ್ಣಾ ಮುಖಜಭೂಮಿಯ ಭತ್ತದ ಗದ್ದೆಗಳೆಲ್ಲ ಇದರ ಕಾಲುವೆಗಳನ್ನು ನಂಬಿವೆ. 2009ರ ಅಕ್ಟೋಬರ್‌ನಲ್ಲಿ ನಮ್ಮ ರಾಯಚೂರು ಸೀಮೆ, ಮಂತ್ರಾಲಯ, ಕರ್ನೂಲುಗಳು ಮುಳುಗಿದಾಗ ಇಲ್ಲಿ ಹರಿದದ್ದು 11.10 ಲಕ್ಷ ಕ್ಯೂಸೆಕ್. ಅದೇ ದಾಖಲೆಯಾಗಿತ್ತು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ 11.43 ಲಕ್ಷ ಹರಿಯಿತು. ಪಕ್ಕದಲ್ಲಿ ಬುಡಮೇರು ಹಳ್ಳ ಉಕ್ಕಿ ಸಿಂಗ್ ನಗರದ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಬ್ಯಾರೇಜಿನ ಮೇಲ್ಭಾಗದಲ್ಲಿ ಕಟ್ಟಿಹಾಕಿದ್ದ, ಮರಳು ಸಾಗಿಸುವ ಭಾರೀ ಕಬ್ಬಿಣದ ದೋಣಿಗಳು ಆ ಪ್ರವಾಹದಲ್ಲಿ ಕಟ್ಟು ಕಿತ್ತು ಬಂದು ಗೇಟುಗಳಿಗೆ ಅಪ್ಪಳಿಸಿದವು. 67, 69 ಮತ್ತು 70ನೆಯ ಗೇಟುಗಳ ಪ್ರತಿಭಾರಗಳು ಜಖಂಗೊಂಡವು.

ಪ್ರತಿಭಾರವೆಂದರೇನೆಂದು ತಿಳಿಯಲು ನಮ್ಮ ಹಿರಿಯರ ತೋಟದ ಏತವನ್ನು ನೆನೆದರೆ ಸಾಕು. ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು. ಕಲ್ಲಿನ ಭಾರ ಬಾನಿಯ ಭಾರವನ್ನು ತೂಗಿ, ಮನುಷ್ಯನ ಪಾಲಿಗೆ ಸ್ವಲ್ಪವನ್ನಷ್ಟೇ ಉಳಿಸುತ್ತದೆ. ಬ್ಯಾರೇಜಿನ ಗೇಟಿಗೂ ಹೀಗೆಯೇ, ಕಾಂಕ್ರೀಟಿನ ತೊಲೆಯೊಂದು ಹಿಂದೆ ತೂಗುತ್ತಿರುತ್ತದೆ. ಅದು ಒಡೆದರೆ ಗೇಟು ಎತ್ತಲಾಗದ, ಇಳಿಸಲಾಗದ ಬರಿಯ ಭಾರ. ಅದನ್ನು ಸರಿಪಡಿಸಲು ಬಂದವರು ಕನ್ಹಯ್ಯ ನಾಯ್ಡು. ಕನ್ನಡಿಗರಿಗೆ ಆ ಹೆಸರು ಆಗ ತಾನೇ ಮನೆಮಾತಾಗಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದ್ದು ಅವರ ಮಾರ್ಗದರ್ಶನದಲ್ಲಿ. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ ದುಡಿದು ನಿವೃತ್ತರಾದವರು. ಒಂದು ತಿಂಗಳೊಳಗೆ ಅದೇ ನದಿಯ ಮೇಲ್ಕೊನೆಯಲ್ಲೊಮ್ಮೆ, ಕೆಳಕೊನೆಯಲ್ಲೊಮ್ಮೆ ಅವರು ನಿಲ್ಲಬೇಕಾಯಿತು. ಒಡೆದ ಕಾಂಕ್ರೀಟ್ ತೊಲೆಗಳ ಬದಲು ಒಳಗೆ ಕಾಂಕ್ರೀಟ್ ತುಂಬುವ ಉಕ್ಕಿನ ತೊಲೆಗಳನ್ನು ಕೂರಿಸಿದರು. ಆ ಕೆಲಸ ದಿನಗಳಲ್ಲಿ ಮುಗಿಯಿತು.

ದೋಣಿಗಳು ಮಾತ್ರ ಅಲುಗಲಿಲ್ಲ. ಮುಗುಚಿ, ಒಂದಕ್ಕೊಂದು ಸಿಕ್ಕಿಕೊಂಡು, ಒಡಲು ತುಂಬ ನೀರೂ ಹೂಳೂ ತುಂಬಿಕೊಂಡು ಗೇಟುಗಳ ಎದುರು ಬಿದ್ದಿದ್ದವು. ಮೊದಲು ಮಾಡಿದ್ದು ಯಾರಿಗಾದರೂ ತೋಚುವಂಥದ್ದು: ಬ್ಯಾರೇಜಿನ ಮೇಲೆ ದೊಡ್ಡ ಕ್ರೇನುಗಳನ್ನು ನಿಲ್ಲಿಸಿ ಎತ್ತುವುದು. ಆಗಲಿಲ್ಲ. ನೀರು ತುಂಬಿದ ದೋಣಿಯನ್ನು ಎತ್ತುವುದೆಂದರೆ ದೋಣಿಯ ಜೊತೆಗೆ ನದಿಯ ಒಂದು ತುಂಡನ್ನೂ ಎತ್ತಬೇಕು. ಅಲ್ಲಿ ತೆಗೆಯಲು ತೂಬಿನ ಬಿರಡೆಯಿಲ್ಲ. ಆಮೇಲೆ ವಿಶಾಖಪಟ್ಟಣದಿಂದ ಹೋದ ಮುಳುಗುಗಾರರು ನೀರಿನಡಿಯಲ್ಲಿ ಉರಿಯುವ ಕತ್ತರಿಯಿಂದ ಕಬ್ಬಿಣವನ್ನು ಕೊಯ್ಯಲು ತೊಡಗಿದರು. ತೆಪ್ಪ ಬಿಚ್ಚುವ ಬುದ್ಧಿಯೇ ಇದೂ, ಆದರೆ ಹಗ್ಗದ ಬದಲು ಎರಡು ಪದರದ ತಗಡು, ಬೆಳಕಿಲ್ಲದ ಕೆಸರು ನೀರು, ಸೆಳವು. ದಿನಗಳು ಕಳೆದವು. ಟೆಲಿವಿಷನ್ನಿನವರು ಕಾದು ಬೇಸತ್ತು ಮತ್ತೆ ಮತ್ತೆ ಅದೇ ಚಿತ್ರ ತೋರಿಸಿದರು. ದೋಣಿಗಳು ಯಾರವು, ಯಾರು ಕಟ್ಟಿದ್ದರು, ಯಾರು ಬಿಟ್ಟರು ಎಂದು ರಾಜಕೀಯದವರು ಒಬ್ಬರ ಮೇಲೊಬ್ಬರು ಹೊರಿಸತೊಡಗಿದರು. ಆ ಭಾರವನ್ನು ಎತ್ತುವ ಕ್ರೇನು ಈ ದೇಶದಲ್ಲಿ ಇನ್ನೂ ಬಂದಿಲ್ಲ.

ಕೊನೆಗೆ ಫಲಿಸಿದ್ದು ಕಾಕಿನಾಡದ ಕಡೆಯ ಕೆಲಸಗಾರರ ಉಪಾಯ. ಎರಡು ದೊಡ್ಡ ದೋಣಿಗಳನ್ನು ತಂದು ಕಬ್ಬಿಣದ ಗರ್ಡರುಗಳಿಂದ ಒಂದಕ್ಕೊಂದು ಬೆಸೆದರು. ನಡುವಿನ ಗರ್ಡರಿನಿಂದ ಸರಪಳಿ ರಾಟೆಗಳನ್ನು ಇಳಿಬಿಟ್ಟು, ಮುಳುಗಿದ ದೋಣಿಗೆ ಕಟ್ಟಿ, ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಭಾರ ಕ್ರೇನಿನ ಮೂತಿಯ ಮೇಲಲ್ಲ, ತೇಲುವ ಎರಡು ದೋಣಿಗಳ ಮೇಲೆ, ಅಂದರೆ ನದಿಯ ಮೇಲೆಯೇ ಬಿತ್ತು. ನೀರಿನಿಂದ ಹೊರತೆಗೆಯುವ ಹಟ ಬಿಟ್ಟು, ನೀರಿನಲ್ಲಿ ಇದ್ದಂತೆಯೇ ಹಿಡಿದು, ಮೇಲ್ಗಡೆಯ ಪುನ್ನಮಿ ಘಾಟಿನ ಕಡೆಗೆ ಎಳೆದೊಯ್ದರು. ಪ್ರವಾಹ ಇಳಿದು ಎರಡು ವಾರ ಕಳೆದ ಮೇಲೆ ಮೊದಲ ದೋಣಿ ಹೀಗೆ ಹೊರಟಿತು, ಉಳಿದವು ಅದರ ಹಿಂದೆ. ಜಾಲಾರಿಪೇಟೆಯಲ್ಲಿ ಅಲೆ ಎತ್ತಿದಾಗ ಹಿಡಿದು ನಿಲ್ಲುವವರ ಕ್ರಮಕ್ಕೂ ಇದಕ್ಕೂ ವ್ಯತ್ಯಾಸ ಗಾತ್ರದಲ್ಲಿ ಮಾತ್ರ.

ಕಾಕಿನಾಡದವರಿಗೆ ಇದು ಹೊಸದಲ್ಲ. ವಿಶಾಖಪಟ್ಟಣ, ವಿಜಯವಾಡಗಳ ನಡುವೆ ರಾಜಮಹೇಂದ್ರಿಯಲ್ಲಿ ರೈಲು ಗೋದಾವರಿಯನ್ನು ದಾಟುವಾಗ ಬೋಗಿಯೊಳಗಿನವರು ನಾಣ್ಯ ಎಸೆದು ಕೈಮುಗಿಯುತ್ತಾರೆ. ಅಲ್ಲಿಂದ ಮೇಲ್ಗಡೆ, ಕಚ್ಚುಲೂರು ಎಂಬಲ್ಲಿ, 2019ರ ಸೆಪ್ಟೆಂಬರ್ 15ರ ಭಾನುವಾರ ಪಾಪಿಕೊಂಡಲು ನೋಡಲು ಹೊರಟ ‘ರಾಯಲ್ ವಸಿಷ್ಠ’ ದೋಣಿ ಪ್ರವಾಹದಲ್ಲಿ ಮಗುಚಿತು. ಐವತ್ತರಷ್ಟು ಜನ ಹೋದರು. ಎರಡು ಮಹಡಿಯ ಆ ದೋಣಿಯನ್ನು ಹೊರತೆಗೆದದ್ದು ಅಕ್ಟೋಬರ್ 22ರಂದು, 37 ದಿನಗಳ ಮೇಲೆ, ಕಾಕಿನಾಡದ ಧರ್ಮಾಡಿ ಸತ್ಯಂ ಅವರ ತಂಡ. ಅವರೂ ಹಗ್ಗ, ಲಂಗರು, ಪೊಕ್ಲೇನುಗಳಿಂದ ಮೊದಲ ಸುತ್ತಿನಲ್ಲಿ ಸೋತವರೇ. ಹಗ್ಗ ತುಂಡಾಗಿತ್ತು, ನದಿ ಏರಿತ್ತು, ಕೆಲಸ ನಿಂತಿತ್ತು. ನೀರು ಇಳಿಯುವವರೆಗೆ ಕಾದು, ವಿಶಾಖಪಟ್ಟಣದ ಮುಳುಗುಗಾರರು ಕೆಳಗಿಳಿದು ಹಗ್ಗ ಬಿಗಿದ ಮೇಲೆ ದೋಣಿ ಬಂತು. ಅದರೊಳಗೆ ಶವಗಳಿದ್ದವು. ದಡದಲ್ಲಿ ಅವುಗಳಿಗಾಗಿ ಕಾದವರಿದ್ದರು. ದೋಣಿ ಎತ್ತಲು ಅಷ್ಟೊಂದು ಖರ್ಚೇಕೆ, ಅದು ಇನ್ನು ಯಾವ ಕೆಲಸಕ್ಕೆ ಬರುತ್ತದೆ ಎಂದು ಆಗ ಕೇಳಿದವರಿದ್ದರು. ದೋಣಿಗಾಗಿ ಯಾರೂ ಎತ್ತಿರಲಿಲ್ಲ.

ಪ್ರಕಾಶಂ ಬ್ಯಾರೇಜಿನ ಕೊನೆಯ ದೋಣಿಗಳು ಪುನ್ನಮಿ ಘಾಟು ಸೇರುತ್ತಿದ್ದ ದಿನಗಳಲ್ಲೇ ನಮ್ಮ ಉತ್ತರ ಕನ್ನಡದಲ್ಲಿ ಗಂಗಾವಳಿಯ ತಳವನ್ನು ಡ್ರೆಜ್ಜರ್ ಕೆದಕುತ್ತಿತ್ತು. ಜುಲೈ 16ರಂದು ಶಿರೂರಿನ ಗುಡ್ಡ ಕುಸಿದಾಗ ನದಿ ಪಾಲಾದ ಲಾರಿ, ಅದರ ಚಾಲಕನೊಡನೆ, ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಎಲ್ಲರಿಗೂ ಅಷ್ಟೂ ದಕ್ಕುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮರುವರ್ಷದ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಅದರ ಅವಶೇಷವನ್ನು ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಗುರುತಿಸಿತು. ಆ ಏಳು ಮಂದಿ ಸಿಗಲಿಲ್ಲ. ನಮ್ಮ ಕುಂದಾಪುರದ ಮಿತ್ರರು ಎಲ್ಲ ದೋಣಿಗಳ ಬಗೆಗೂ ಮಾತನಾಡುತ್ತಾರೆ, ಈ ಒಂದರ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಾರೆ. ನಾವೂ ಕೇಳುವುದಿಲ್ಲ.

ವಿಜಯವಾಡದ ಆ ದೋಣಿಗಳ ಬಗ್ಗೆ ನಮಗೆ ಉಳಿದ ಅಸಮಾಧಾನ ಬೇರೆ ಬಗೆಯದು. ಅಷ್ಟು ಭಾರದ ದೋಣಿಗಳನ್ನು ನದಿಗೆ ಇಳಿಸುವಾಗ ಇವು ಮೇಲೆ ಬರುವುದು ಎಲ್ಲಿಂದ, ಹೇಗೆ ಎಂದು ಯಾರೂ ಕೇಳಿಕೊಂಡಂತಿಲ್ಲ. ನದಿಯುದ್ದಕ್ಕೂ ಪುಷ್ಕರಕ್ಕಾಗಿ ಕಟ್ಟಿದ ಮೆಟ್ಟಿಲುಗಳಿವೆ, ಅಲಂಕಾರದ ದೀಪಗಳಿವೆ. ಭಾರದ ದೋಣಿಯೊಂದನ್ನು ನೆರೆ ಬರುವ ಮುಂಚೆ ನೆಲಕ್ಕೆಳೆದು ಕೂರಿಸುವಂಥ ಅಗಲವಾದ ಇಳಿಜಾರು ನಾವು ಹುಡುಕಿದ ದಂಡೆಗಳಲ್ಲಿ ಕಾಣಲಿಲ್ಲ. ಆದ್ದರಿಂದ ನೆರೆ ಬರುವಾಗ ಅವುಗಳಿಗಿರುವುದು ಒಂದು ಹಗ್ಗ, ಒಂದು ಗೂಟ. ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿಯೂ ಇಕ್ಕಟ್ಟಿನ ಕತೆಯೇ. 2023ರ ನವೆಂಬರ್ 19ರ ರಾತ್ರಿ ಅಲ್ಲಿ ಒಂದು ದೋಣಿಗೆ ಹತ್ತಿದ ಬೆಂಕಿ, ಒತ್ತೊತ್ತಾಗಿ ಕಟ್ಟಿದ್ದ ನಲವತ್ತರಷ್ಟು ದೋಣಿಗಳಿಗೆ ಹಬ್ಬಿತು. ಬೆಳಗಾಗುವ ಹೊತ್ತಿಗೆ ನೀರಿನ ಮೇಲೆ ತೇಲುತ್ತಿದ್ದ ಕರಿ ಹಲಗೆಗಳನ್ನು ಹೆಂಗಸರು ನೋಡುತ್ತ ನಿಂತಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂತು. ಇಳಿಸಲು ಸಾಲ ಸಿಗುತ್ತದೆ, ಸಬ್ಸಿಡಿ ಸಿಗುತ್ತದೆ. ಹತ್ತಿಸಿ ಇಡುವ ಅಂಗಳಕ್ಕೆ ಯಾರ ಆಯವ್ಯಯದಲ್ಲೂ ತಲೆಬರಹವಿಲ್ಲ.

ಜಾಲಾರಿಪೇಟೆಯವರು ಆಯವ್ಯಯಕ್ಕೆ ಕಾಯುವುದಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಂದರಿನಲ್ಲಿ ಮೂರನೆಯ ಸಂಖ್ಯೆಯ ಎಚ್ಚರಿಕೆ ಏರಿದೆಯೆಂದು ಸುದ್ದಿ ಬಂದರೆ ಕೇರಿಯ ಗಂಡಸರೂ ಹುಡುಗರೂ ಎಲ್ಲ ಮರಳಿಗಿಳಿಯುತ್ತಾರೆ. ಯಾರ ದೋಣಿ ಎಂದು ನೋಡುವುದಿಲ್ಲ, ನೀರಿಗೆ ಹತ್ತಿರವಿರುವುದು ಮೊದಲು. ಬೊಂಬು ಹೆಗಲೇರುತ್ತದೆ, ದೋಣಿಗಳು ತೂರಾಡುತ್ತ ಮರಳನ್ನು ದಾಟಿ, ತಗ್ಗು ಗೋಡೆಯನ್ನು ದಾಟಿ, ಒಂದೊಂದಾಗಿ ಬೀಚ್ ರಸ್ತೆಯ ಪಾದಚಾರಿ ಹಾದಿಗೆ ಬಂದು ನಿಲ್ಲುತ್ತವೆ. ಎಂಜಿನ್ನುಗಳನ್ನು ಕಳಚಿ ಮನೆಗಳಿಗೆ ಒಯ್ಯುತ್ತಾರೆ. ಪೊಲೀಸಿನವನು ವಾಹನಗಳನ್ನು ಒಳರಸ್ತೆಗೆ ತಿರುಗಿಸುತ್ತಾನೆ. ಮಳೆ ಇನ್ನೂ ಶುರುವಾಗಿರುವುದಿಲ್ಲ. ನಡಿಗೆಗೆ ಬಂದ ನಾವು ದೋಣಿಗಳ ಮೂತಿಗಳ ನಡುವೆ ದಾರಿ ಮಾಡಿಕೊಂಡು, ಒಂದರ ತಳದಿಂದ ಇನ್ನೂ ತೊಟ್ಟಿಕ್ಕುವ ಉಪ್ಪುನೀರನ್ನು ತುಳಿಯುತ್ತ ಮನೆಯ ಕಡೆ ಹೋಗುತ್ತೇವೆ.